ನೂರು ಡೋಸಿನ ಸೀಸೆ

ಚಳ್ಳಕೆರೆ ಸೀಮೆಯ ಒಂದು ಹಟ್ಟಿ. ಅಲ್ಲಿ ದ್ವಿತೀಯ ಪಿಯುಸಿ ಓದುವ ಹುಡುಗಿಯೊಬ್ಬಳ ಅಕೌಂಟೆನ್ಸಿ ನೋಟ್‌ಬುಕ್ಕನ್ನು ಹಿಂದಿನಿಂದ ತೆರೆದರೆ ಕುರಿಗಳ ಲೆಕ್ಕ ಕಾಣುತ್ತದೆ. ದೊಡ್ಡ ಕುರಿ ಎಷ್ಟು, ಟಗರು ಎಷ್ಟು, ಮರಿ ಎಷ್ಟು, ಮಾರಿದ್ದು ಎಷ್ಟು. ಅಪ್ಪನಿಗೆ ಅಕ್ಷರ ಬಾರದು. ಆದರೆ ಮಬ್ಬುಗತ್ತಲಲ್ಲಿ ಹಿಂಡು ರೊಪ್ಪಕ್ಕೆ ನುಗ್ಗುವಾಗ ಒಂದು ಕುರಿ ಕಡಿಮೆಯಾದರೂ ಅವನಿಗೆ ಗೊತ್ತಾಗುತ್ತದೆ. ಮಗಳ ಓದಿನ ಖರ್ಚನ್ನೂ ಅವನು ಕುರಿಗಳಲ್ಲೇ ಎಣಿಸುವುದು: ಹಾಸ್ಟೆಲಿಗೆ ಇಷ್ಟು ಟಗರುಮರಿ, ಪುಸ್ತಕಕ್ಕೆ ಒಂದು ಮರಿ, ಡಿಗ್ರಿಗೆ ಸೇರಿಸುವಾಗ ನೋಡೋಣ ಎಂದು ಬಿಟ್ಟ ಎರಡು ಟಗರು.

ಹೋದ ವರ್ಷದ ಮಳೆಗಾಲದಲ್ಲಿ ಆ ಪುಟಕ್ಕೆ ಹೊಸದೊಂದು ಕಾಲಂ ಸೇರಿತು. ಅದರ ತಲೆಬರಹ ‘ಸತ್ತದ್ದು’.

ಪಕ್ಕದ ಓಣಿಯವರು ಸಂತೆಯಿಂದ ನಾಲ್ಕು ಕುರಿ ತಂದು ಹಿಂಡಿಗೆ ಬಿಟ್ಟಿದ್ದರು. ವಾರ ಕಳೆಯುವಷ್ಟರಲ್ಲಿ ಅವುಗಳ ಕಣ್ಣು ಮೂಗು ಸೋರತೊಡಗಿತು. ಬಾಯೊಳಗೆ ಹುಣ್ಣು, ಮೈ ಕೆಂಡ, ಆಮೇಲೆ ಭೇದಿ. ಕುರಿಗಾಹಿಗಳು ಹಿರೇಬೇನೆ ಎನ್ನುವ, ಡಾಕ್ಟರುಗಳು ಪಿಪಿಆರ್ ಎಂದು ಕರೆಯುವ ರೋಗ. ಮೇಯುವ ಬಯಲು ಒಂದೇ, ನೀರು ಕುಡಿಯುವ ಕಟ್ಟೆ ಒಂದೇ. ಈ ಮನೆಯ 48 ಕುರಿಗಳಲ್ಲಿ 17 ಹೋದವು. ಅವುಗಳಲ್ಲಿ ಮರಿಗಳೇ ಹೆಚ್ಚು. ಡಿಗ್ರಿಗೆಂದು ಬಿಟ್ಟಿದ್ದ ಟಗರುಗಳಲ್ಲಿ ಒಂದು ಉಳಿಯಿತು.

ಲಸಿಕೆ ಹಾಕಿಸಿರಲಿಲ್ಲವೇ ಎಂದು ಕೇಳುವುದು ಸುಲಭ. ಶಿಬಿರ ನಡೆದ ದಿನ ಹಿಂಡು ಮೂರು ಹಗಲಿನ ದಾರಿಯಾಚೆ ಯಾರದೋ ಹೊಲದಲ್ಲಿ ಗೊಬ್ಬರಕ್ಕಾಗಿ ಮಂದೆ ಬಿದ್ದಿತ್ತು. ಕುರಿಗಾಹಿಯ ಬದುಕೇ ಹಾಗೆ. ಊರಿಗೆ ಸೂಜಿ ಬಂದಾಗ ಕುರಿ ಊರಲ್ಲಿರುವುದಿಲ್ಲ, ಕುರಿ ಬಂದಾಗ ಸೂಜಿ ಇರುವುದಿಲ್ಲ.

ಈ ರೋಗ ನಮ್ಮ ದೇಶದಲ್ಲಿ ಮೊದಲು ಪತ್ತೆಯಾದದ್ದು 1987ರಲ್ಲಿ, ತಮಿಳುನಾಡಿನ ಅರಸೂರು ಎಂಬ ಹಳ್ಳಿಯಲ್ಲಿ. ಇದರ ವೈರಾಣು ಮಕ್ಕಳ ದಡಾರಕ್ಕೂ ಹಿಂದೆ ದನಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಿದ್ದ ದೊಡ್ಡರೋಗಕ್ಕೂ ದಾಯಾದಿ. ಲಸಿಕೆಯ ಬಲದಿಂದ ದೊಡ್ಡರೋಗ 2011ರಲ್ಲಿ ಭೂಮಿಯಿಂದಲೇ ಅಳಿಯಿತು. ಹಿರೇಬೇನೆಯನ್ನು 2030ರೊಳಗೆ ಹಾಗೆಯೇ ತೊಲಗಿಸಬೇಕೆಂಬುದು ಜಗತ್ತಿನ ಪಶುವೈದ್ಯರ ಗುರಿ. ಲಸಿಕೆಗೇನೂ ಬರವಿಲ್ಲ. ಅದನ್ನು ಬೆಂಗಳೂರಿನ ಹೆಬ್ಬಾಳದ ಸರ್ಕಾರಿ ಸಂಸ್ಥೆಯಲ್ಲೇ ತಯಾರಿಸುತ್ತಾರೆ. ಒಮ್ಮೆ ಸರಿಯಾಗಿ ಬಿದ್ದರೆ ಮೂರು ವರ್ಷವಾದರೂ ಕಾಯುತ್ತದೆ. 2019ರ ಜಾನುವಾರು ಗಣತಿಯಂತೆ ರಾಜ್ಯದಲ್ಲಿದ್ದ ಕುರಿಗಳು ಸುಮಾರು 1 ಕೋಟಿ 10 ಲಕ್ಷ. ಅಷ್ಟು ಕುರಿಗಳ ಚರ್ಮದಡಿಗೆ, ತಂಪು ಕೆಡದಂತೆ, ಆ ಹನಿಯನ್ನು ಮುಟ್ಟಿಸುವುದೇ ಕಷ್ಟ.

ಬೇನೆ ಇಳಿದ ಮೇಲೆ ಊರಿನ ಕುರಿ ಸಾಕುವವರ ಸಹಕಾರ ಸಂಘ ಸಭೆ ಕರೆಯಿತು. ಕುರಿಯೊಂದಕ್ಕೆ ವರ್ಷಕ್ಕೆ ಹತ್ತು ರೂಪಾಯಿಯಂತೆ ಆರೋಗ್ಯನಿಧಿ ಕೂಡಿಸಬೇಕೆಂದು ಕಾರ್ಯದರ್ಶಿ ಹೇಳಿದ್ದೇ ತಡ, ಗದ್ದಲವೆದ್ದಿತು.

“ಸರ್ಕಾರ ಪುಕ್ಕಟೆ ಹಾಕೋ ಸೂಜಿಗೆ ನಾವ್ಯಾಕಪ್ಪ ದುಡ್ಡು ಕೊಡ್ಬೇಕು?” ಎಂದವನು ಹುಡುಗಿಯ ಅಪ್ಪನೇ.

ಕೇಳಬೇಕಾದ ಪ್ರಶ್ನೆಯೇ ಅದು. ಉತ್ತರ ಸೀಸೆಯಲ್ಲಿತ್ತು. ಹಿರೇಬೇನೆಯ ಲಸಿಕೆ ಸೀಸೆಯ ತಳದಲ್ಲಿ ಒಣಪುಡಿಯಂತಿರುತ್ತದೆ. ಅವರಲ್ಲಿಗೆ ಬರುತ್ತಿದ್ದುದು ನೂರು ಡೋಸಿನ ಸೀಸೆ. ತಣ್ಣನೆಯ ದ್ರಾವಣದಲ್ಲಿ ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಲೇಬೇಕು. ನಲವತ್ತು ಕುರಿಯವನೊಬ್ಬನಿಗಾಗಿ ಅದನ್ನು ಒಡೆದರೆ ಅರವತ್ತು ಡೋಸು ಮಣ್ಣುಪಾಲು. ಎರಡು ಮೂರು ಮನೆಯ ಹಿಂಡುಗಳು ಅದೇ ಬೆಳಿಗ್ಗೆ, ಅದೇ ಜಾಗಕ್ಕೆ ಬರಲೇಬೇಕು. ಅವರನ್ನು ಕೂಡಿಸಲು ಒಬ್ಬ ಹುಡುಗ ಓಡಾಡಬೇಕು. ತಾಲ್ಲೂಕಿನಿಂದ ಐಸ್ ಬರಬೇಕು, ಆಟೋ ಬಾಡಿಗೆಯಾಗಬೇಕು, ಯಾವ ಹಿಂಡಿಗೆ ಯಾವಾಗ ಹಾಕಿದೆ ಎಂಬ ರಿಜಿಸ್ಟರ್ ಇರಬೇಕು. ಹೊಟ್ಟೆಹುಳುವಿನ ಔಷಧಿಯನ್ನು ಸಗಟಾಗಿ ಕೊಳ್ಳಬೇಕು. ಮೊದಲ ಮಳೆಯ ಎಳೆಹುಲ್ಲು ತಿಂದು ದಷ್ಟಪುಷ್ಟ ಮರಿಗಳೇ ರಾತ್ರಿ ಕಳೆಯುವುದರೊಳಗೆ ಬೀಳುವ ಕರುಳುಬೇನೆಗೆ ಮಳೆಗೆ ಮುಂಚೆಯೇ ಬೇರೆ ಲಸಿಕೆ ಆಗಬೇಕು. ಸೂಜಿ ಪುಕ್ಕಟೆ, ಸೂಜಿಯ ಸುತ್ತಲಿನದು ಯಾವುದೂ ಪುಕ್ಕಟೆಯಲ್ಲ.

ಸರ್ಕಾರವೂ ಇದನ್ನು ಕೊಡಬಹುದಲ್ಲ ಎನ್ನಬಹುದು. ಕೊಡಬೇಕು ಕೂಡ. ಆದರೆ ಹೊಸ ಕುರಿ ಕೊಡಿಸುವ ಹಣ ಇರುವ ಕುರಿಯನ್ನು ಉಳಿಸುವ ಹಣಕ್ಕಿಂತ ಬೇಗ ಮಂಜೂರಾಗುತ್ತದೆ. 2022ರಲ್ಲಿ ಪ್ರಕಟವಾದ ಅಮೃತ ಸ್ವಾಭಿಮಾನಿ ಕುರಿಗಾಹಿ ಯೋಜನೆಯಲ್ಲಿ ಒಬ್ಬೊಬ್ಬರಿಗೆ 20 ಕುರಿ, 1 ಮೇಕೆ ಎಂದಿತ್ತು. ಒಳ್ಳೆಯದೇ. ಸತ್ತ ಕುರಿಗೆ ಪರಿಹಾರ ಕೊಡುವ ಅನುಗ್ರಹ ಯೋಜನೆಯೂ ಬಂತು. ಹುಟ್ಟಿಗೂ ಸಾವಿಗೂ ಯೋಜನೆಯಿದೆ, ನಡುವಣ ಐಸಿಗೆ ಮಾತ್ರ ಯಾರೂ ಟೇಪು ಕತ್ತರಿಸುವುದಿಲ್ಲ.

ಸಭೆಯ ರಾತ್ರಿ ಹುಡುಗಿ ಅಪ್ಪನೆದುರು ನೋಟ್‌ಬುಕ್ ಬಿಚ್ಚಿದಳು.

“ಅಪ್ಪಾ, ಬೇನೆ ಬಂದಾಗ ಇಂಜೆಕ್ಷನ್‌ಗೆ, ಗ್ಲೂಕೋಸ್‌ಗೆ ನೀನು ಕೊಟ್ಟಿದ್ದು ಆರು ಸಾವಿರದ ನಾನೂರು. ಸತ್ತ ಕುರಿ ಬೆಲೆ ನಾನು ಹಿಡಿದಿಲ್ಲ.”

“ಹೂಂ.”

“ಸಂಘ ಕೇಳ್ತಿರೋದು ವರ್ಷಕ್ಕೆ ಮುನ್ನೂರ ಅರವತ್ತು.”

ಅಪ್ಪ ಬೀಡಿ ಹಚ್ಚಿದ. ಅವನಿಗೆ ದುಡ್ಡಿನ ಚಿಂತೆಗಿಂತ ಬೇರೆಯದೇ ಒಂದಿತ್ತು. ಒಂದೇ ಸೀಸೆಗೆ ಸೇರಬೇಕಾದ ಹಿಂಡುಗಳಲ್ಲೊಂದು ಅವನ ಅಣ್ಣನದು. ಬದುವಿನ ಜಗಳವಾಗಿ ಎರಡು ವರ್ಷದಿಂದ ಮಾತಿರಲಿಲ್ಲ.

ಯುಗಾದಿ ಕಳೆದು ಒಂದು ಬೆಳಿಗ್ಗೆ, ಬಿಸಿಲೇರುವ ಮುಂಚೆ, ಮೂರು ಹಿಂಡುಗಳು ಊರಮುಂದಿನ ಬೇವಿನ ಮರದಡಿ ಸೇರಿದವು. ಇವರದು 36, ದೊಡ್ಡಪ್ಪನದು 41, ಇನ್ನೊಂದು ಮನೆಯದು 20. ಡಾಕ್ಟರು ಸೀಸೆ ಕಲಸಿದರು. ಕುರಿ ಹಿಡಿಯಲು ಇಬ್ಬರು ಬೇಕು. ಒಬ್ಬ ಕೊರಳು, ಒಬ್ಬ ಹಿಂಗಾಲು. ಅಪ್ಪ ಕೊರಳು ಹಿಡಿದ ಕುರಿಯ ಹಿಂಗಾಲಿಗೆ ಬಂದು ನಿಂತದ್ದು ದೊಡ್ಡಪ್ಪ. “ಗಟ್ಟಿಯಾಗ್ ಹಿಡ್ಕಳಾ” ಎಂದಿಷ್ಟೇ ಮಾತು. ಹುಡುಗಿ ಸೂಜಿಯಾದ ಪ್ರತಿ ಕುರಿಯ ಬೆನ್ನಿಗೂ ಕೆಂಪು ಬಣ್ಣದ ಗೆರೆ ಎಳೆದು ಎಣಿಸುತ್ತಾ ಹೋದಳು. ತೊಂಬತ್ತೇಳಕ್ಕೆ ನಿಂತಿತು.

ಸೀಸೆಯಲ್ಲಿ ಮೂರು ಡೋಸು ಉಳಿದಿತ್ತು. ಓಣಿಯ ಕೊನೆಯಲ್ಲಿ ಒಬ್ಬಂಟಿ ಅಜ್ಜಿಯ ಮೂರು ಮೇಕೆಗಳಿವೆ. ಮೇಕೆಗೂ ಇದೇ ರೋಗ, ಇದೇ ಲಸಿಕೆ. “ಅವಮ್ಮ ಸಂಘದ ಮೆಂಬರಲ್ವಲ್ಲ, ದುಡ್ಡೂ ಕಟ್ಟಿಲ್ಲ” ಎಂದ ಯಾರೋ. ಕಾರ್ಯದರ್ಶಿ ರಿಜಿಸ್ಟರ್ ನೋಡಿದರು. ಡಾಕ್ಟರು ಗಡಿಯಾರ ನೋಡಿದರು.

ಅಪ್ಪ ಅಷ್ಟರಲ್ಲಿ ಹೊರಟಾಗಿತ್ತು. ಒಂದು ಮೇಕೆಯನ್ನು ಹೆಗಲ ಮೇಲೆ ಹೊತ್ತು, ಎರಡನ್ನು ಹಗ್ಗದಲ್ಲಿ ಎಳೆಯುತ್ತಾ ಬಂದ. ಹಿಂದೆ ಅಜ್ಜಿ ಬೈಯುತ್ತಾ ಬರುತ್ತಿದ್ದಳು. ಹುಡುಗಿ ಮೂರು ಗೆರೆ ಎಳೆದು, ಬಣ್ಣದ ಕೈಯನ್ನು ತೊಟ್ಟಿಯಲ್ಲಿ ಅದ್ದಿ, ಏಳೂವರೆಯ ಬಸ್ಸಿಗೆ ಓಡಿದಳು.