ಹೊಸ ಎಂಜಿನ್ನಿಗೆ ಏರು ಬೇಕು

ನಮ್ಮ ಬೀದಿಯಲ್ಲಿ ಒಬ್ಬರು ಹೊಸ ಕಾರು ತಂದಿದ್ದಾರೆ. ಬೆಳಿಗ್ಗೆ ಎದ್ದವರೇ ಸ್ಟಾರ್ಟ್ ಮಾಡಿ, ಗೇಟಿನ ಬಳಿ ಗುರುಗುಟ್ಟಲು ಬಿಟ್ಟು ಕಾಫಿ ಕುಡಿಯಲು ಒಳಗೆ ಹೋಗುತ್ತಾರೆ. ಎಂಜಿನ್ ಸೆಟ್ ಆಗಲಿ ಅಂತ! ಆ ಸದ್ದಿಗೆ ನನ್ನ ಕಾಫಿ ಕಹಿಯಾಗುತ್ತದೆ. ತಣ್ಣಗಿರುವ ಎಂಜಿನ್ ಹೆಚ್ಚು ಪೆಟ್ರೋಲ್ ಕೇಳುತ್ತದೆ. ಉರಿಯದೆ ಉಳಿದದ್ದು ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದುಹಾಕುತ್ತದೆ. ಅದೂ ಹೋಗಲಿ, ಹೊರೆಯೇ ಇಲ್ಲದ ಎಂಜಿನ್ನಿನಲ್ಲಿ ಪಿಸ್ಟನ್ನಿನ ರಿಂಗು ಗೋಡೆಗೆ ಹೊಂದಿ ಕೂರುವುದು ಹೇಗೆ?

ಸಿಲಿಂಡರಿನ ಒಳಮೈ ಕನ್ನಡಿಯಂತೆ ನುಣುಪಾಗಿರಬೇಕು ಎಂದುಕೊಂಡವರೇ ಹೆಚ್ಚು. ಬೋರ್ ಮಾಡಿದ ಮೇಲೆ ಹೋನಿಂಗ್ ಕಲ್ಲಿನಿಂದ ಬೇಕೆಂದೇ ಓರೆ ಗೆರೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಕೊರೆಯುತ್ತಾರೆ. ಎಷ್ಟು ಚೆಂದದ ಕೆಲಸ ಅದು! ಗೆರೆಯ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ. ಗೆರೆಯ ಏಣೂ ರಿಂಗಿನ ಅಂಚೂ ಒಂದನ್ನೊಂದು ಸವೆಸಿಕೊಂಡು ಹೊಂದಿಕೊಳ್ಳುತ್ತವೆ. ರಿಂಗನ್ನು ಗೋಡೆಗೆ ಒತ್ತಿಹಿಡಿಯುವುದು ಅದರ ಸ್ವಂತ ಬಿಗಿ ಮಾತ್ರವಲ್ಲ, ಉರಿದ ಅನಿಲ ರಿಂಗಿನ ಹಿಂದೆ ನುಗ್ಗಿ ಹೊರಕ್ಕೆ ದಬ್ಬುತ್ತದೆ. ಆಕ್ಸಿಲರೇಟರ್ ಮುಟ್ಟಲೇ ಹೆದರುವವರ ಕಾರಿನಲ್ಲಿ ಆ ಒತ್ತಡ ಎಲ್ಲಿಂದ ಬರಬೇಕು? ಏಣು ಸವೆಯುವ ಮೊದಲೇ ಗೆರೆಗಳ ಮೇಲೆ ಆಯಿಲ್ ಸುಟ್ಟು ಮೆರುಗು ಕಟ್ಟುತ್ತದೆ. ಆಮೇಲೆ ಆ ಎಂಜಿನ್ ಆಯಿಲ್ ಕುಡಿಯತೊಡಗುತ್ತದೆ.

ಮೊದಲ 1000 ಕಿ.ಮೀ. ಆಕ್ಸಿಲರೇಟರನ್ನು ಪೂರ್ತಿ ತುಳಿಯಬೇಡಿ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬೇಡಿ ಎಂದು ಎಷ್ಟೋ ಕೈಪಿಡಿಗಳು ಹೇಳುತ್ತವೆ. ಜನ ಮೊದಲನೆಯ ಮಾತನ್ನು ಹಿಡಿದುಕೊಂಡು ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಟಾಪ್ ಗೇರು, ಎಂಬತ್ತು, ಅಲುಗದ ಕಾಲು. ‘ನಾಜೂಕಾಗಿ ತಂದೆ ಸಾರ್’ ಅನ್ನುತ್ತಾರೆ. ಹೊಸ ಎಂಜಿನ್ನಿಗೆ ಅದಕ್ಕಿಂತ ಕೆಟ್ಟ ರಸ್ತೆ ನಮ್ಮ ರಾಜ್ಯದಲ್ಲಿಲ್ಲ. ಮೊದಲ ದಿನವೇ ಸೂಜಿಯನ್ನು ಕೆಂಪು ಗೆರೆಗೆ ತಾಗಿಸುವ ಹುಡುಗರೂ ತಪ್ಪೇ, ಆದರೆ ರಿಂಗಿಗೆ ಒತ್ತಡ ಬೇಕೆಂಬುದಾದರೂ ಅವರಿಗೆ ಗೊತ್ತು.

ನನ್ನ ದಾರಿ ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ, ಅಲ್ಲಿಂದ ಚಾರ್ಮಾಡಿಗೆ. ಏರಿನಲ್ಲಿ ಮೂರನೇ ಗೇರು, ಅರ್ಧ ಆಕ್ಸಿಲರೇಟರು. ಎಂಜಿನ್ 2000ದಿಂದ 3000 ಸುತ್ತಿಗೆ ಏರುವವರೆಗೆ ಎಳೆಯಲು ಬಿಟ್ಟು ಕಾಲು ತೆಗೆಯುವುದು, ಗೇರಿನಲ್ಲೇ ನಿಧಾನವಾಗಲು ಬಿಡುವುದು, ಮತ್ತೆ ಒತ್ತುವುದು. ತಿರುವುಗಳೇ ಇದನ್ನೆಲ್ಲ ಮಾಡಿಸುತ್ತವೆ. ಕಾಫಿ ತೋಟಗಳ ನಡುವೆ ಹೀಗೆ ಹೋಗುವಾಗ ಎಂಜಿನ್ನಿನ ದನಿಯ ಒರಟು ಕರಗುತ್ತ ಬರುವುದನ್ನು ಕಿವಿಯಾರೆ ಕೇಳುವ ಸುಖಕ್ಕೆ ನಾನು ಎಷ್ಟು ದೂರವಾದರೂ ಹೋಗುತ್ತೇನೆ.

ಘಾಟಿ ಇಳಿಯುವಾಗ ಎರಡನೇ ಗೇರು. ಅಲ್ಲಿ ಸಿಗುತ್ತಾರೆ ನೋಡಿ ನ್ಯೂಟ್ರಲ್ ವೀರರು! ಪೆಟ್ರೋಲ್ ಉಳಿಸಲು ಗೇರು ತೆಗೆದು ಜಾರಿಕೊಂಡು ಬರುತ್ತಾರೆ. ಇಂದಿನ ಕಾರನ್ನು ಗೇರಿನಲ್ಲಿಟ್ಟು ಕಾಲು ತೆಗೆದರೆ ಇಂಜೆಕ್ಟರ್ ಪೆಟ್ರೋಲನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್ಲಿಗೆ ಹಾಕಿದರೆ ಎಂಜಿನ್ ಆರದಿರಲು ಸುರಿಯುತ್ತಲೇ ಇರಬೇಕು. ಉಳಿತಾಯ ಎಲ್ಲಿ ಬಂತು? ಇಳಿಜಾರಿನ ಭಾರವೆಲ್ಲ ಬ್ರೇಕಿನ ಮೇಲೆ. ಪ್ಯಾಡು ಕಾದು, ಹಿಡಿತ ತಪ್ಪಿ, ಎದುರಿನ ತಿರುವಿನಲ್ಲಿ ಬಸ್ಸು ಬಂದರೆ? ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೀಗೆ ಇಳಿಯುವವರನ್ನು ಕಂಡರೆ ಅಡ್ಡ ನಿಂತು ತಡೆಯಬೇಕೆನಿಸುತ್ತದೆ.