ಮೇಯರ್ ಕೂರಬೇಕಾದ ಕುರ್ಚಿ

ಜಯನಗರ, ಬೆಂಗಳೂರು
ನವೆಂಬರ್ 2025

ಪ್ರೀತಿಯ ಪುಟ್ಟಿ,

ಮೈಸೂರಿನಿಂದ ನೀನು ಕಳಿಸಿದ ಫೋಟೊ ಬಂತು. ಪರೇಡಿನ ಬಿಸಿಲಿಗೆ ಕರ್ರಗಾಗಿದ್ದೀಯ, ಮುಖ ಸಣ್ಣಗಾಗಿದೆ. ನಿಮ್ಮಮ್ಮ ನೋಡಿ ಕಣ್ಣಲ್ಲಿ ನೀರು ಹಾಕಿಕೊಂಡಳು. ನನಗಂತೂ ಆ ಖಾಕಿಯಲ್ಲಿ ನಿನ್ನ ತಾತನೇ ಕಂಡರು, ಅದೇ ಮೊಂಡು ಗದ್ದ. ಇಲ್ಲಿ ಎಲ್ಲ ಕ್ಷೇಮ. ಫೋರ್ತ್ ಬ್ಲಾಕಿನಲ್ಲಿ ಅವರೆಕಾಯಿ ಬಂದಿದೆ, ಸೊಗಡು ಇನ್ನೂ ಇಲ್ಲ. ನೀನು ರಜೆಗೆ ಬರುವ ಹೊತ್ತಿಗೆ ಬರುತ್ತೆ.

ನೆನಪಿದೆಯಾ, 2022ರಲ್ಲಿ ಪಿಎಸ್ಐ ಪರೀಕ್ಷೆ ರದ್ದಾದ ದಿನ ನೀನು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದ್ದು? 545 ಹುದ್ದೆಗಳ ಆ ಪರೀಕ್ಷೆಯನ್ನು ನೀನು ಅದರ ಹಿಂದಿನ ಅಕ್ಟೋಬರಿನಲ್ಲಿ ಎಷ್ಟು ಓದಿ ಬರೆದಿದ್ದೆ! ಉತ್ತರಪತ್ರಿಕೆ ತಿದ್ದಿದ ಹಗರಣದಲ್ಲಿ, ನೇಮಕಾತಿ ವಿಭಾಗ ನೋಡಿಕೊಳ್ಳುತ್ತಿದ್ದ ಎಡಿಜಿಪಿಯನ್ನೇ ಆಮೇಲೆ ಸಿಐಡಿ ಬಂಧಿಸಿತು. 2024ರ ಜನವರಿಯಲ್ಲಿ ನೀನು ಮತ್ತೆ ಕೂತು ಬರೆಯಬೇಕಾಯಿತು. "ಪೊಲೀಸರನ್ನ ಯಾರು ನೋಡ್ಕೋತಾರೆ ಅತ್ತೆ?" ಅಂದಿದ್ದೆ ನೀನು. ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಅರ್ಧ ಸಿಕ್ಕಿದೆ.

ಅದು ಸಿಕ್ಕಿದ್ದು ನಮ್ಮ ಮನೆಗೆಲಸಕ್ಕೆ ಬರುವಾಕೆಯ ಮಗನಿಂದ. ಆಷಾಢದಲ್ಲಿ ಒಂದು ರಾತ್ರಿ ಯಾವುದೋ ಕಳ್ಳತನದ ವಿಚಾರಣೆ ಅಂತ ಆ ಹುಡುಗನನ್ನು ಠಾಣೆಗೆ ಕರೆದುಕೊಂಡು ಹೋದರು. ಬೆಳಿಗ್ಗೆ ಬಿಟ್ಟಾಗ ಅಂಗಾಲು ಊದಿಕೊಂಡಿತ್ತು. ಮನೆಗೊಂದು ಫೋನಿಲ್ಲ, ಒಂದು ಕಾಗದವಿಲ್ಲ. ಹಿಡಿದಾಗ ಮೆಮೊ ಬರೆಯಬೇಕು, ಅದಕ್ಕೆ ಸಾಕ್ಷಿ ಸಹಿ ಬೇಕು, ಮನೆಯವರಿಗೆ ತಿಳಿಸಬೇಕು ಅಂತ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ನಿನಗೆ ಅಕಾಡೆಮಿಯಲ್ಲಿ ಬಾಯಿಪಾಠವೇ ಮಾಡಿಸಿರುತ್ತಾರೆ. ಆ ತಾಯಿಗೆ ಯಾರು ಹೇಳಬೇಕು? ಎಲ್ಲಿ ದೂರು ಕೊಡೋದು ಅಂತ ಹುಡುಕುತ್ತಾ ಹೋದೆ.

2006ರ ಸೆಪ್ಟೆಂಬರಿನಲ್ಲಿ ಪ್ರಕಾಶ್ ಸಿಂಗ್ ಪ್ರಕರಣದ ತೀರ್ಪು ಬಂತಲ್ಲ, ಬೇರು ಅಲ್ಲಿದೆ. ಕೋರ್ಟಿಗೆ ಹೋದವರು ಪೊಲೀಸರನ್ನು ಕಂಡರಾಗದವರಲ್ಲ ಕಣೇ, ನಿವೃತ್ತ ಡಿಜಿಪಿ. ರಾಜ್ಯಕ್ಕೊಂದು, ಜಿಲ್ಲೆಗೊಂದು ಪೊಲೀಸ್ ದೂರು ಪ್ರಾಧಿಕಾರ ಇರಲಿ, ಜಿಲ್ಲೆಯದ್ದಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರಾಗಲಿ ಅಂತ ಕೋರ್ಟು ಹೇಳಿತು. ನಮ್ಮ ಸರ್ಕಾರ 2012ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪ್ರಾಧಿಕಾರ ಮಾಡಿತು. ಆದರೆ ಜಿಲ್ಲೆಯ ಆ ಕುರ್ಚಿಯಲ್ಲಿ ಪ್ರಾದೇಶಿಕ ಆಯುಕ್ತರನ್ನು ಕೂರಿಸಿತು, ಎಸ್ಪಿಯನ್ನೇ ಸದಸ್ಯ ಕಾರ್ಯದರ್ಶಿ ಮಾಡಿತು. ಇಡೀ ರಾಜ್ಯಕ್ಕೆ ಪ್ರಾದೇಶಿಕ ಆಯುಕ್ತರು ನಾಲ್ಕೇ ಜನ, ಒಬ್ಬೊಬ್ಬರ ತಲೆ ಮೇಲೆ ಎಷ್ಟೋ ಜಿಲ್ಲೆ. ಇನ್ನು ಎಸ್ಪಿ ಮೇಲಿನ ನಂಬಿಕೆ ಬೇರೆ ಮಾತು. ತನ್ನ ಕೈಕೆಳಗಿನವರ ಮೇಲಿನ ದೂರಿನ ಕಡತ ಅವರ ಮೇಜಿನ ಮೇಲೇ ಯಾಕಿರಬೇಕು?

ಇನ್ನೊಂದು ಇದೆ, ಇದನ್ನು ಓದಿ ನನಗೆ ನಗು ಬಂತು, ಆಮೇಲೆ ಸಿಟ್ಟೂ ಬಂತು. 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಎಲ್ಲ ಠಾಣೆಗಳಲ್ಲೂ ಸಿಸಿಟಿವಿ ಇರಬೇಕು, ಲಾಕಪ್ಪು, ಮೊಗಸಾಲೆ ಯಾವುದೂ ಬಿಟ್ಟುಹೋಗಬಾರದು, ದೃಶ್ಯಗಳನ್ನು 18 ತಿಂಗಳು ಇಡಬೇಕು ಅಂದಿತು. ಕ್ಯಾಮೆರಾ ಇದೆ, ತೊಂದರೆಯಾದರೆ ದೂರು ಕೊಡಬಹುದು ಅಂತ ಜನರ ಭಾಷೆಯಲ್ಲಿ ಬೋರ್ಡೂ ಹಾಕಬೇಕು. ಇದನ್ನೆಲ್ಲ ನೋಡಿಕೊಳ್ಳಲು ಜಿಲ್ಲೆಗೊಂದು ಸಮಿತಿ. ಅದರಲ್ಲಿ ಅಧಿಕಾರಿಗಳ ಜೊತೆ, ಜಿಲ್ಲೆಯೊಳಗಿನ ಒಂದು ನಗರದ ಮೇಯರ್ ಕೂರಬೇಕು. ಅಂದರೆ ನಾವು ವೋಟು ಹಾಕಿ ಕಳಿಸಿದ ಒಬ್ಬರು. ಆದರೆ ನಮ್ಮ ಪಾಲಿಕೆಯ ಅವಧಿ ಆ ವರ್ಷದ ಸೆಪ್ಟೆಂಬರ್ 10ಕ್ಕೇ ಮುಗಿದಿತ್ತು! ತೀರ್ಪು ಬಂದಾಗಿನಿಂದ ಬೆಂಗಳೂರಿಗೆ ಒಬ್ಬರೇ ಒಬ್ಬ ಮೇಯರ್ ಇಲ್ಲ. ಈ ಸೆಪ್ಟೆಂಬರಿನಲ್ಲಿ ಪಾಲಿಕೆಯನ್ನು ಐದು ಮಾಡಿದ್ದಾರೆ, ಐದಕ್ಕೂ ಚುನಾವಣೆ ಇನ್ನೂ ಆಗಿಲ್ಲ.

ಪಾರ್ಕಿನಲ್ಲಿ ವಾಕಿಂಗ್ ಬರುವ ನಾವು ಕೆಲವರು ಒಂದು ಅರ್ಜಿ ಬರೆದಿದ್ದೇವೆ. ಜಿಲ್ಲೆಯ ದೂರು ಪ್ರಾಧಿಕಾರಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರಾಗಲಿ, ಕಾರ್ಯದರ್ಶಿ ಪೊಲೀಸ್ ಇಲಾಖೆಯ ಹೊರಗಿನವರಾಗಿರಲಿ, ಸಿಸಿಟಿವಿ ಸಮಿತಿಯಲ್ಲಿ ಮೇಯರ್ ಬರುವ ತನಕ ಆ ಜಾಗಕ್ಕೆ ಅಧಿಕಾರಿಯಲ್ಲದ ಒಬ್ಬರು ಬರಲಿ. ನಾಲ್ಕನೇ ಶನಿವಾರ ಠಾಣೆಯಲ್ಲಿ ಮಾಸಿಕ ಜನಸಂಪರ್ಕ ಅಂತ 2023ರಲ್ಲಿ ಶುರು ಮಾಡಿದರಲ್ಲ, ಅಲ್ಲೂ ಹೋಗಿದ್ದೆ. ಕಾಫಿ ಕೊಟ್ಟು ಚೆನ್ನಾಗೇ ಮಾತಾಡಿಸಿದರು. ಬೀದಿದೀಪ, ಪಾರ್ಕಿಂಗ್ ಎಲ್ಲ ಬರೆದುಕೊಂಡರು. ಬೋರ್ಡಿನ ವಿಷಯ ತೆಗೆದಾಗ ಮಾತ್ರ ಪೆನ್ನು ನಿಂತಿತು. ಠಾಣೆಯವರೇ ಕರೆದು ಕೇಳುವುದು ಒಳ್ಳೆಯದೇ, ಅದು ಉಸ್ತುವಾರಿ ಅಲ್ಲ ಅಷ್ಟೇ.

ನೀನು ಬೇಜಾರು ಮಾಡಿಕೊಳ್ಳಬೇಡ. ಇದು ನಿನ್ನ ಮೇಲಿನ ಅನುಮಾನವಲ್ಲ. ನಿನ್ನ ತಾತ ದಫೇದಾರರಾಗಿದ್ದಾಗ ಒಂದು ರಾತ್ರಿ ಮನೆಗೆ ಬಂದವರು ಊಟಕ್ಕೆ ಕೂರಲಿಲ್ಲ. ಯಾರೋ ಹುಡುಗನಿಗೆ ಹೊಡೆಯಬೇಕಾಯಿತಂತೆ. "ಸಾಹೇಬರು ಹೇಳಿದ್ರು, ಇಲ್ಲ ಅನ್ನೋಕೆ ನಾನ್ಯಾರು?" ಅಂತ ಅಜ್ಜಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ನಾಳೆ ನಿನಗೂ ಅಂಥ ಸಾಹೇಬರು ಸಿಗುತ್ತಾರೆ. "ಸರ್, ಕ್ಯಾಮೆರಾ ಇದೆ, ಆಮೇಲೆ ಕೇಳ್ತಾರೆ" ಅನ್ನೋಕೆ ನಿನಗೊಂದು ನೆಪವಾದರೂ ಇರಲಿ. ಸುಳ್ಳು ದೂರುಗಳೂ ಬರುತ್ತವೆ, ಹೆಣ್ಣು ಪಿಎಸ್ಐ ಅಂದರೆ ಇನ್ನೂ ಬೇಗ. ಆಗಲೂ ಆ ದೃಶ್ಯಗಳೇ ನಿನ್ನ ಸಾಕ್ಷಿ. ಕ್ಯಾಮೆರಾ ಕೆಟ್ಟರೆ ಅದೇ ದಿನ ಸ್ಟೇಷನ್ ಡೈರಿಯಲ್ಲಿ ಬರೆದಿಡು, ಮೇಲಿನವರು ಮುಖ ಗಂಟು ಹಾಕಿಕೊಂಡರೂ ಸರಿ.

ಆ ಹುಡುಗ ಈಗ ಕೆಲಸಕ್ಕೆ ಹೋಗುತ್ತಿದ್ದಾನೆ. ದೂರು ಕೊಡೋಣ ಅಂದರೆ ಅವನ ತಾಯಿ, "ಬೇಡಮ್ಮ, ನಾವು ಇದೇ ಏರಿಯಾದಲ್ಲಿ ಬಾಳಬೇಕು" ಅಂದಳು. ಒತ್ತಾಯ ಮಾಡಲು ನನಗೆ ಬಾಯಿ ಬರಲಿಲ್ಲ.

ಅರ್ಜಿಯ ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಖಾಕಿ ಹಾಕಿಕೊಂಡೇ ಓದು. ಪೊಲೀಸರಿಗೆ ಎಲ್ಲಿ ಅನ್ಯಾಯ ಮಾಡಿದ್ದೇವೆ ಅನ್ನಿಸುತ್ತೋ ಅಲ್ಲಿ ಪೆನ್ಸಿಲಿನಲ್ಲಿ ಗೆರೆ ಎಳೆದು ಕಳಿಸು. ನಿವೃತ್ತ ಪೊಲೀಸರೊಬ್ಬರು ಪ್ರಾಧಿಕಾರದಲ್ಲಿ ಇರಬೇಕೋ ಬೇಡವೋ ಅಂತ ನಮ್ಮಲ್ಲೇ ಜಗಳ ನಡೆದಿದೆ. ನಾನು ಇರಲಿ ಅನ್ನುವ ಕಡೆ. ನೀನೇನಂತೀಯ ಬರಿ, ಮುಂದಿನ ವಾರದೊಳಗೆ ಬೇಕು.

ನಿನ್ನ
ಅತ್ತೆ