ಆರು ಹುಡುಗಿಯರ ಒಂದು ಚಿನ್ನ

ತಾಲ್ಲೂಕು ಮಟ್ಟದ ಕ್ರೀಡಾಕೂಟದ ಫಲಿತಾಂಶ ಬರೆದು ಕಳಿಸುವ ನಮಗೆಲ್ಲ ಒಂದು ರೂಢಿ ಗೊತ್ತು. ನೂರು ಮೀಟರ್ ಓಟಕ್ಕೆ ಹುಡುಗಿಯ ಹೆಸರು, ಗುಂಡು ಎಸೆತಕ್ಕೆ ಹುಡುಗಿಯ ಹೆಸರು. ಕೊಕ್ಕೊ, ಕಬಡ್ಡಿ, ಥ್ರೋಬಾಲ್‌ಗೆ ಮಾತ್ರ ಶಾಲೆಯ ಹೆಸರು. ಹನ್ನೆರಡು ಹುಡುಗಿಯರ ಹೆಸರು ಕಳಿಸಿದರೆ ಡೆಸ್ಕಿನಲ್ಲಿ ಮೊದಲು ಹಾರಿಹೋಗುವುದು ಅದೇ ಸಾಲು. ಪುಟದಲ್ಲಿ ಜಾಗ ಇರುವುದಿಲ್ಲ, ಅವರನ್ನೂ ದೂರುವಂತಿಲ್ಲ. ನಾವು ಸ್ಟ್ರಿಂಗರ್‌ಗಳು, ಅಚ್ಚಾದ ಸುದ್ದಿಯ ಲೆಕ್ಕಕ್ಕೆ ದುಡ್ಡು ಪಡೆಯುವವರು. ನಮ್ಮ ಹೆಸರೂ ‘ನಮ್ಮ ಪ್ರತಿನಿಧಿಯಿಂದ’ ಎಂಬಲ್ಲಿಗೆ ಮುಗಿಯುತ್ತದೆ. ಅದಕ್ಕೇ ಇರಬೇಕು, ಗುಂಪಿನಲ್ಲಿ ಆಡಿದವರ ಕತೆ ಕಣ್ಣಿಗೆ ಬಿದ್ದರೆ ನಾವು ಸುಮ್ಮನೆ ದಾಟಿ ಹೋಗುವುದಿಲ್ಲ. ಈಗ ಹೇಳಹೊರಟಿರುವುದು ಸ್ಪೇನ್ ದೇಶದ ತಾನಿಯಾ ಲಮಾರ್ಕಾ ಎಂಬ ಹುಡುಗಿಯ ಕತೆ.

ಆಕೆಯ ಆಟ ರಿದಮಿಕ್ ಜಿಮ್ನಾಸ್ಟಿಕ್ಸ್. ಹಗ್ಗ, ಬಳೆಯಂಥ ಹೂಪ್, ಚೆಂಡು, ಕ್ಲಬ್, ಉದ್ದನೆಯ ರಿಬ್ಬನ್ ಹಿಡಿದು ಸಂಗೀತಕ್ಕೆ ತಕ್ಕಂತೆ ಮಾಡುವ ಕಸರತ್ತು. ಟಿ.ವಿ.ಯಲ್ಲಿ ನೋಡಿದವರು ‘ಡ್ಯಾನ್ಸ್ ತರಹ ಇದೆ’ ಎಂದು ಚಾನೆಲ್ ಬದಲಿಸಿರುತ್ತಾರೆ. ಇದರಲ್ಲಿ ಒಬ್ಬೊಬ್ಬರೇ ಆಡುವುದು ಒಂದು ಬಗೆ, ಐವರು ಒಟ್ಟಿಗೆ ಆಡುವುದು ಇನ್ನೊಂದು. ಗುಂಪಿನದು 13 ಮೀಟರ್ ಉದ್ದ, 13 ಮೀಟರ್ ಅಗಲದ ಕಾರ್ಪೆಟ್ ಮೇಲೆ ಸುಮಾರು ಎರಡೂವರೆ ನಿಮಿಷದ ಕೆಲಸ. ನೀವು ಎಸೆದ ಚೆಂಡನ್ನು ನೀವೇ ಹಿಡಿದರೆ ಸಾಲದು. ನಿಮ್ಮದನ್ನು ಬೇರೊಬ್ಬಳು ಹಿಡಿಯಬೇಕು, ಅವಳದು ನಿಮ್ಮ ಕೈಗೆ ಬರಬೇಕು. ಅದು ಗಾಳಿಯಲ್ಲಿರುವಾಗ ನೀವು ಉರುಳಿ, ತಿರುಗಿ, ಮತ್ತೆ ಎದ್ದಿರಬೇಕು. ಒಬ್ಬಳ ಕೈ ತಪ್ಪಿದರೆ ಅಂಕ ಹೋಗುವುದು ಐವರದ್ದೂ. ನಮ್ಮ ಕಡೆ ಕೋಲಾಟ ಆಡಿದವರಿಗೆ ಇದರ ಕಷ್ಟ ಸ್ವಲ್ಪ ಅರ್ಥವಾದೀತು, ಆದರೆ ಅಲ್ಲಿ ಕೋಲು ಕೈಯಲ್ಲೇ ಇರುತ್ತದೆ.

ತಾನಿಯಾ ಹುಟ್ಟಿದ್ದು 1980ರ ಏಪ್ರಿಲ್‌ನಲ್ಲಿ, ಬಾಸ್ಕ್ ಸೀಮೆಯ ವಿಟೋರಿಯಾ ನಗರದಲ್ಲಿ. ರಾಷ್ಟ್ರೀಯ ತಂಡಕ್ಕೆ ಸೇರಿದ ಮೇಲೆ ವಾಸ ಮ್ಯಾಡ್ರಿಡ್‌ನಲ್ಲಿ. ಕನಿಯೆಹಾಸ್ ಬಡಾವಣೆಯ ಒಂದು ಮನೆಯಲ್ಲಿ ಹುಡುಗಿಯರೆಲ್ಲ ಒಟ್ಟಿಗೆ ಇರಬೇಕು, ಮೊಸ್ಕಾರ್ದೊ ಜಿಮ್ನಾಷಿಯಂನಲ್ಲಿ ದಿನಕ್ಕೆ ಎಂಟು ಗಂಟೆಯಷ್ಟು ಅಭ್ಯಾಸ. ತರಬೇತಿ ಕೊಡುತ್ತಿದ್ದವರು ಎಮಿಲಿಯಾ ಬೊನೆವಾ. ಈ ಆಟದಲ್ಲಿ ಹಳೇ ಹುಲಿ ಎನಿಸಿದ ಬಲ್ಗೇರಿಯಾದವರು, 1982ರಲ್ಲೇ ಸ್ಪೇನ್‌ಗೆ ಬಂದು ಅಲ್ಲಿನ ತಂಡ ಕಟ್ಟಿದವರು. 1995ರಲ್ಲಿ ವಿಯೆನ್ನಾದಲ್ಲೂ 1996ರಲ್ಲಿ ಬುಡಾಪೆಸ್ಟ್‌ನಲ್ಲೂ ಮೂರು ಚೆಂಡು, ಎರಡು ರಿಬ್ಬನ್ನಿನ ಆಟದಲ್ಲಿ ತಾನಿಯಾ ಇದ್ದ ತಂಡವೇ ವಿಶ್ವ ಚಾಂಪಿಯನ್.

ಒಲಿಂಪಿಕ್ಸ್‌ನಲ್ಲಿ ರಿದಮಿಕ್ ಜಿಮ್ನಾಸ್ಟಿಕ್ಸ್ 1984ರಿಂದ ಇದ್ದರೂ ಗುಂಪು ಸ್ಪರ್ಧೆ ಶುರುವಾದದ್ದು 1996ರಲ್ಲಿ. ಹೆಸರಿಗೆ ಅಟ್ಲಾಂಟಾ ಒಲಿಂಪಿಕ್ಸ್. ಈ ಸ್ಪರ್ಧೆ ನಡೆದದ್ದು ಮಾತ್ರ ಅದೇ ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಊರಿನಲ್ಲಿ, ವಿಶ್ವವಿದ್ಯಾಲಯದ ಒಳಾಂಗಣದಲ್ಲಿ. ಗ್ರೀಸ್‌ನ ಅಥೆನ್ಸ್ ಎಂದುಕೊಂಡೀರಿ. ಆಗಸ್ಟ್ 2ರ ಫೈನಲ್‌ನಲ್ಲಿ ಸ್ಪೇನ್‌ಗೆ ಬಂದ ಅಂಕ 38.933, ಬಲ್ಗೇರಿಯಾಕ್ಕೆ 38.866. ವ್ಯತ್ಯಾಸ 0.067. ರಷ್ಯಾ ಮೂರನೆಯದು. ಬಲ್ಗೇರಿಯಾದ ಗುರುವೊಬ್ಬರು ಬೆಳೆಸಿದ ತಂಡ ಬಲ್ಗೇರಿಯಾವನ್ನೇ ಕೂದಲೆಳೆಯಲ್ಲಿ ಸೋಲಿಸಿತ್ತು. ಮಾರನೆಯ ದಿನ ಲಿಯಾಂಡರ್ ಪೇಸ್ ಟೆನಿಸ್‌ನಲ್ಲಿ ಕಂಚು ಗೆದ್ದದ್ದು ನಮ್ಮಲ್ಲಿ ಮನೆಮಾತು. ಹಿಂದಿನ ದಿನದ ಈ ಆಟ ನಮ್ಮವರಲ್ಲಿ ಎಷ್ಟು ಜನಕ್ಕೆ ನೆನಪಿದೆ?

ಗೆದ್ದವರು ಆರು ಮಂದಿ: ಮಾರ್ತಾ ಬಾಲ್ದೊ, ನೂರಿಯಾ ಕಬನಿಯಾಸ್, ಎಸ್ತೆಲಾ ಹಿಮೆನೆಸ್, ಲೊರೆನಾ ಗುರೆಂಡೆಸ್, ತಾನಿಯಾ ಲಮಾರ್ಕಾ, ಎಸ್ತಿಬಾಲಿಸ್ ಮಾರ್ಟಿನೆಸ್. ಸ್ಪ್ಯಾನಿಷ್ ಉಚ್ಚಾರ ಬಲ್ಲವರು ತಿದ್ದಬಹುದು, ಬ್ಲಾಗಿನಲ್ಲಿ ಹೆಸರಿಗೆ ಜಾಗದ ಬರ ಇಲ್ಲ. ಲೊರೆನಾಗೆ ಆಗ 15 ವರ್ಷ, ತಾನಿಯಾಗೆ 16. ಕೊರಳಿಗೆ ಆರು ಪದಕ ಬಿದ್ದರೂ ದೇಶದ ಪಟ್ಟಿಯಲ್ಲಿ ಏರಿದ್ದು ಒಂದೇ ಚಿನ್ನ. ಸ್ಪೇನ್‌ನ ಪತ್ರಿಕೆಗಳು ಅವರನ್ನು ಕರೆದದ್ದು ‘ಚಿನ್ನದ ಹುಡುಗಿಯರು’ ಎಂದು. ಚಂದದ ಬಿರುದು, ತಲೆಬರಹಕ್ಕೆ ಹೇಳಿ ಮಾಡಿಸಿದ್ದು. ಆರು ಜನಕ್ಕೂ ಅದೇ ಬಿರುದಾದ ಮೇಲೆ ಆರರಲ್ಲಿ ಒಬ್ಬಳು ಕಾಣದಾದರೆ ಗೊತ್ತಾಗುವುದು ಕಷ್ಟ.

ಆದದ್ದೂ ಹಾಗೆಯೇ. ಅಟ್ಲಾಂಟಾದ ನಂತರ ಬೊನೆವಾ ತಂಡ ಬಿಟ್ಟರು. 1997ರಲ್ಲಿ ತಾನಿಯಾ ತಂಡದಿಂದ ಹೊರಬಿದ್ದಳು. ಕಾರಣ, ಕೇಳಿದಷ್ಟು ತೂಕಕ್ಕೆ ಆಕೆ ಇಳಿಯಲಿಲ್ಲ. ಕೈಕಾಲು ಮುರಿದದ್ದಲ್ಲ, ಆಟ ಮರೆತದ್ದಲ್ಲ. ಹದಿನಾರು ಹದಿನೇಳರ ಹುಡುಗಿಯ ಮೈ ಬೆಳೆಯುವುದು ಊರ ಅಜ್ಜಿಯರಿಗೂ ಗೊತ್ತಿರುವ ಸಂಗತಿ. ಈ ಆಟದ ಒಳಗೆ ಅದೇ ಅಪರಾಧವಾಗುತ್ತಿತ್ತು. ಐವರೂ ಒಂದೇ ಎತ್ತರ, ಒಂದೇ ಸಪೂರ ಕಾಣಬೇಕು, ಒಬ್ಬಳು ಬೇರೆಯಾಗಿ ಕಂಡರೆ ಚಿತ್ರ ಕೆಟ್ಟಿತು ಎಂಬ ಲೆಕ್ಕ. ಚೆಂಡು ಜಾರಿದ್ದರೆ ಆ ತಪ್ಪನ್ನು ಐವರೂ ಹಂಚಿಕೊಳ್ಳುತ್ತಿದ್ದರು. ತೂಕ ಹೆಚ್ಚಿದ್ದು ಮಾತ್ರ ಅವಳೊಬ್ಬಳ ಪಾಲಿಗೆ ಬಂತು. ನಮ್ಮನ್ನು ಕಾಡುವುದು ಇದೇ. ಕೀರ್ತಿಗೆ ಗುಂಪು, ಶಿಕ್ಷೆಗೆ ಒಂಟಿ.

ಕಠಿಣ ಶಿಸ್ತಿಲ್ಲದೆ ಚಿನ್ನ ಬರುತ್ತದೆಯೇ ಎಂದು ಕೇಳುವವರಿದ್ದಾರೆ. ದೈಹಿಕ ಶಿಕ್ಷಣದ ಮೇಷ್ಟರುಗಳ ಜತೆ ಚಹಾ ಕುಡಿಯುವಾಗ ನಾವೂ ಈ ವಾದ ಕೇಳಿದ್ದೇವೆ. ಎಂಟು ಗಂಟೆ ಅಭ್ಯಾಸವಿಲ್ಲದೆ ಆ 0.067 ಬರುತ್ತಿರಲಿಲ್ಲ, ನಿಜ. ಆದರೆ ಹಸಿವು ಶಿಸ್ತಿನ ಬಾಬತ್ತಲ್ಲ. ಅನ್ನ ಬಿಡಿಸಿದ್ದಕ್ಕೇ ಪದಕ ಬಂತು ಎಂದು ತೋರಿಸಿಕೊಟ್ಟವರನ್ನು ನಾವು ಕಂಡಿಲ್ಲ. ಮುಂದೆ ಗುಂಪು ಸ್ಪರ್ಧೆಯಲ್ಲಿ ಸ್ಪೇನ್‌ಗೆ ಮತ್ತೊಂದು ಒಲಿಂಪಿಕ್ ಪದಕ ಸಿಕ್ಕಿದ್ದು 20 ವರ್ಷ ಕಳೆದ ಮೇಲೆ, 2016ರ ರಿಯೊದಲ್ಲಿ, ಬೆಳ್ಳಿ. ಬಲ್ಗೇರಿಯಾ ಗುಂಪಿನ ಚಿನ್ನಕ್ಕೆ 2021ರವರೆಗೆ, ಟೋಕಿಯೊ ತನಕ ಕಾಯಿತು.

ತಾನಿಯಾ 2008ರಲ್ಲಿ ಕ್ರಿಸ್ಟಿನಾ ಗಾಯೊ ಜತೆ ಸೇರಿ ಪುಸ್ತಕ ತಂದಳು. ಹೆಸರನ್ನು ಕನ್ನಡಕ್ಕೆ ತಂದರೆ ‘ಒಂದು ಪದಕಕ್ಕಾಗಿ ಕಣ್ಣೀರು’ ಎಂದಾಗುತ್ತದೆ. ಅಭ್ಯಾಸದ ಮನೆಯಲ್ಲಿ ಬೆಳೆದದ್ದು, ತೂಕದ ಕಾಟ, ಹೊರಬಿದ್ದದ್ದು ಎಲ್ಲವೂ ಅದರಲ್ಲಿವೆ. ಅಷ್ಟು ಹೊತ್ತಿಗೆ ಅವಳಿಗೆ 28. ಗೆದ್ದ ದಿನದಿಂದ 12 ವರ್ಷ. ಅಷ್ಟು ವರ್ಷ ಆಕೆಯನ್ನು ಯಾರೂ ಕೇಳಿರಲಿಲ್ಲ ಎಂದಲ್ಲ, ಕೇಳಿದವರು ಬಹುಶಃ ಚಿನ್ನದ ಬಗ್ಗೆ ಕೇಳಿರುತ್ತಾರೆ. ಸುದ್ದಿಯವರ ಅಭ್ಯಾಸ ನಮಗೆ ಗೊತ್ತಿಲ್ಲವೇ.

ನಮ್ಮ ಜಿಲ್ಲೆಗಳಲ್ಲೂ ಕ್ರೀಡಾ ವಸತಿ ನಿಲಯಗಳಿವೆ. ಮನೆ ಬಿಟ್ಟು ಬಂದ ಹನ್ನೆರಡು ಹದಿಮೂರರ ಹುಡುಗಿಯರು ಬೆಳಿಗ್ಗೆ ಐದಕ್ಕೆ ಮೈದಾನದಲ್ಲಿರುತ್ತಾರೆ. ಕಪ್ ಬಂದಾಗ ನಮಗೆ ಫೋನ್ ಬರುತ್ತದೆ, ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುತ್ತೇವೆ, ಮಧ್ಯದಲ್ಲಿ ಅಧ್ಯಕ್ಷರು. ವರ್ಷದ ನಡುವೆ ಒಬ್ಬಳು ಟ್ರಂಕು ಎತ್ತಿಕೊಂಡು ಅಪ್ಪನ ಜತೆ ಊರಿನ ಬಸ್ ಹತ್ತಿದರೆ ಯಾರೂ ಫೋನ್ ಮಾಡುವುದಿಲ್ಲ. ನಮ್ಮ ಬ್ಯಾಚಿನ ಗೆಳೆಯನೊಬ್ಬ ಈಗ ಎರಡು ವರ್ಷದಿಂದ ಒಂದು ನೋಟ್‌ಬುಕ್ ಇಟ್ಟಿದ್ದಾನೆ. ಜೂನ್‌ನಲ್ಲಿ ಸೇರಿದವರ ಹೆಸರು ಒಂದು ಕಡೆ, ಮಾರ್ಚ್‌ನಲ್ಲಿ ಉಳಿದವರ ಹೆಸರು ಇನ್ನೊಂದು ಕಡೆ. ಎರಡರ ನಡುವೆ ಬಿಟ್ಟುಹೋದವರ ಮನೆಗೆ ಹೋಗಿ ಏಕೆ ಎಂದು ಕೇಳುತ್ತಾನೆ. ಬಸ್ ಚಾರ್ಜು ಅವನ ಕೈಯದೇ.